ನಿಲ್ದಾಣದ ಹೊರಗಿನ ನಾಲ್ಕು ಫರ್ಲಾಂಗು

ಊರಿಗೆ ಹೊಸ ರೈಲು ಬರುತ್ತದೆಂದರೆ ಮಾತುಕತೆಯೆಲ್ಲ ಹಳಿಯ ಸುತ್ತಲೇ ನಡೆಯುತ್ತದೆ. ಎಷ್ಟು ಕಿಲೋಮೀಟರು ಉದ್ದ, ಎಷ್ಟು ಕೋಟಿ ಖರ್ಚು, ಕೆಲಸ ಮುಗಿಯುವುದು ಯಾವಾಗ, ಟಿಕೆಟ್ಟಿನ ದರ ಎಷ್ಟು ಎಂಬ ಪ್ರಶ್ನೆಗಳೇ ಮೊದಲು ಏಳುತ್ತವೆ. ರೈಲಿನ ಬಗ್ಗೆ ಇಷ್ಟೆಲ್ಲ ಕೇಳುವ ನಾವು ನಿಲ್ದಾಣದ ಬಗ್ಗೆ ಕೇಳುವುದು ಕಡಿಮೆ; ನಿಲ್ದಾಣದ ಹೊರಗಿನ ಬೀದಿಯ ಬಗ್ಗೆ ಕೇಳುವುದು ಇನ್ನೂ ಕಡಿಮೆ. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ರೈಲು ಹತ್ತಿದವರೆಲ್ಲ ಒಂದಲ್ಲ ಒಂದು ಕಡೆ ಇಳಿದು ಬೀದಿಗೆ ಬರಲೇಬೇಕು. ಆಗ ಅವರ ಕಣ್ಣೆದುರಿಗಿರುವುದು ಸಂತೆಯೋ, ಶಾಲೆಯೋ, ಆಸ್ಪತ್ರೆಯೋ, ಸಾಲುಗಟ್ಟಿ ನಿಂತ ಕಾರುಗಳ ಬಯಲೋ ಎಂಬುದು ತಾನಾಗಿ ಆಗುವ ಸಂಗತಿಯಲ್ಲ. ಅದನ್ನು ಯಾರೋ, ಎಂದೋ, ಒಂದು ನಕಾಶೆಯ ಮೇಲೆ ಗುರುತು ಮಾಡಿರುತ್ತಾರೆ.

ಜನ ಸಾಮಾನ್ಯವಾಗಿ ಹತ್ತು ನಿಮಿಷದ ದಾರಿಯಾದರೆ ನಿಲ್ದಾಣಕ್ಕೆ ನಡೆದೇ ಹೋಗುತ್ತಾರೆ ಎಂಬುದು ನಗರ ಯೋಜನೆಯ ತಜ್ಞರ ಲೆಕ್ಕ. ಅಂದರೆ ಸುಮಾರು 800 ಮೀಟರು. ನಮ್ಮ ಹಿರಿಯರ ಅಳತೆಯಲ್ಲಿ ಅರ್ಧ ಮೈಲಿ ಅಥವಾ ನಾಲ್ಕು ಫರ್ಲಾಂಗು. ನಿಲ್ದಾಣ ಬಂದ ಮೇಲೆ ಈ ನಾಲ್ಕು ಫರ್ಲಾಂಗಿನೊಳಗಿನ ನೆಲಕ್ಕೆ ಬೆಲೆ ಏರುತ್ತದೆ. ಸಾರ್ವಜನಿಕರ ದುಡ್ಡಿನಲ್ಲಿ ಹಾಕಿದ ಹಳಿಯಾದರೆ ಈ ಏರಿಕೆಯೂ ಸಾರ್ವಜನಿಕರ ದುಡ್ಡಿನಿಂದಲೇ ಹುಟ್ಟಿದ್ದು. ಆದರೆ ಅದು ಸೇರುವುದು ಯಾರ ಕೈಗೆ? ಅಲ್ಲಿ ಮೊದಲಿನಿಂದ ಬಾಡಿಗೆಗೆ ಇದ್ದ ದರ್ಜಿ, ಕ್ಷೌರಿಕ, ಹೂವಿನ ಅಂಗಡಿಯಾಕೆ ಆಮೇಲೂ ಅಲ್ಲೇ ಇರುತ್ತಾರೆಯೇ? ಕಳೆದ ನೂರು ವರ್ಷಗಳಲ್ಲಿ ಬೇರೆ ಬೇರೆ ಊರುಗಳು ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿವೆ. ಆ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ: ನಕಾಶೆಗೆ ಗೆರೆ ಎಳೆದ ಕೈ ಯಾರದೋ, ನಿಲ್ದಾಣದ ಫಲವೂ ಬಹುಮಟ್ಟಿಗೆ ಅವರದೇ.

ಕಂಪನಿ ಎಳೆದ ಗೆರೆ

ಮೊದಲಿಗೆ ಗೆರೆ ಎಳೆದವರು ವ್ಯಾಪಾರಿಗಳು. ಜಪಾನಿನ ಒಸಾಕ ನಗರದಿಂದ ಹೊರಟು ತಕರಾಜುಕ ಮತ್ತು ಮಿನೊ ಎಂಬ ಊರುಗಳಿಗೆ ಹೋಗುವ ವಿದ್ಯುತ್ ರೈಲು 1910ರಲ್ಲಿ ಆರಂಭವಾಯಿತು. ಅದರ ಸೂತ್ರಧಾರ ಕೊಬಯಾಶಿ ಇಚಿಜೊ. ಆ ರೈಲು ಹಾದುಹೋಗುತ್ತಿದ್ದುದು ಬಹುಪಾಲು ಹೊಲಗದ್ದೆಗಳ ನಡುವೆ. ಹತ್ತುವ ಪ್ರಯಾಣಿಕರೆಲ್ಲಿ ಎಂಬುದೇ ಕಂಪನಿಯ ಮುಂದಿದ್ದ ಪ್ರಶ್ನೆ. ಪ್ರಯಾಣಿಕರಿಲ್ಲದಿದ್ದರೆ ಅವರನ್ನು ಸೃಷ್ಟಿಸಬೇಕು ಎಂಬುದು ಕೊಬಯಾಶಿಯ ಉತ್ತರ. ಹಳಿಯ ಪಕ್ಕದ ನೆಲವನ್ನು ಬೆಲೆ ಏರುವ ಮೊದಲೇ ಕೊಂಡು, ಇಕೆಡ ಎಂಬಲ್ಲಿ ಮನೆಗಳನ್ನು ಕಟ್ಟಿಸಿ, ಸಂಬಳದಾರ ಮಧ್ಯಮ ವರ್ಗದವರಿಗೆ ಕಂತಿನ ಮೇಲೆ ಮಾರಿದ. ಸಾಲಿನ ಆ ತುದಿಯಲ್ಲಿದ್ದ ತಕರಾಜುಕದಲ್ಲಿ ಬಿಸಿನೀರಿನ ಸ್ನಾನಗೃಹ ತೆರೆದ; ಅಲ್ಲೇ 1914ರಲ್ಲಿ ಹುಡುಗಿಯರೇ ನಟಿಸುವ ನಾಟಕ ತಂಡದ ಮೊದಲ ಪ್ರದರ್ಶನ ನಡೆಯಿತು. ಈ ತುದಿಯ ಉಮೆಡ ನಿಲ್ದಾಣದಲ್ಲಿ 1929ರಲ್ಲಿ ಬಹುಮಹಡಿ ಮಳಿಗೆ ತೆರೆದ. ಬೆಳಿಗ್ಗೆ ಕಚೇರಿಗೆ ಹೋಗುವವರು, ಮಧ್ಯಾಹ್ನ ಖರೀದಿಗೆ ಹೋಗುವವರು, ಭಾನುವಾರ ವಿಹಾರಕ್ಕೆ ಹೋಗುವವರು ಎಲ್ಲರೂ ಅವನ ರೈಲಿನಲ್ಲೇ! ಜಪಾನಿನ ಖಾಸಗಿ ರೈಲು ಕಂಪನಿಗಳು ಇಂದಿಗೂ ನಡೆಯುತ್ತಿರುವುದು ಈ ಮಾದರಿಯಲ್ಲೇ.

ಇದೇ ಕಾಲಕ್ಕೆ ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆ ಕಂಪನಿಯೂ ಇಂಥದೇ ದಾರಿ ಹಿಡಿದಿತ್ತು. ನಗರದ ವಾಯವ್ಯಕ್ಕೆ ತಾನು ಹಳಿ ಹಾಕಿದ ಹಳ್ಳಿಗಾಡಿಗೆ 1915ರಲ್ಲಿ 'ಮೆಟ್ರೊ-ಲ್ಯಾಂಡ್' ಎಂದು ಹೆಸರಿಟ್ಟಿತು. ಹಸಿರು ಹೊಲ, ಹೂದೋಟದ ಮನೆ, ಪಕ್ಕದಲ್ಲೇ ರೈಲು ಎಂದು ಆಸೆ ಹುಟ್ಟಿಸುವ ಕೈಪಿಡಿಯನ್ನು 1932ರವರೆಗೆ ಪ್ರಕಟಿಸುತ್ತ ಬಂತು. 1919ರಲ್ಲಿ ಮನೆ-ನಿವೇಶನಗಳ ವ್ಯಾಪಾರಕ್ಕೆಂದೇ ಬೇರೆ ಕಂಪನಿಯೊಂದು ಹುಟ್ಟಿಕೊಂಡಿತು. ಹ್ಯಾರೊ, ಪಿನ್ನರ್, ರಿಕ್‌ಮನ್ಸ್‌ವರ್ತ್ ಮೊದಲಾದ ಊರುಗಳ ಸುತ್ತ ಮನೆಗಳ ಸಾಲುಗಳೆದ್ದವು. ಹೊಲ ತೋರಿಸಿ ಮಾರಿದ ಮನೆಗಳು ಹೆಚ್ಚಿದಷ್ಟೂ ಹೊಲಗಳು ಮಾಯವಾದದ್ದು ಈ ಕಥೆಯೊಳಗಿನ ವ್ಯಂಗ್ಯ.

ಒಸಾಕ ಮತ್ತು ಲಂಡನ್ನಿನ ಮಾದರಿಯಲ್ಲಿ ಒಂದು ಜಾಣತನವಿತ್ತು. ರೈಲಿನಿಂದ ಹುಟ್ಟಿದ ನೆಲದ ಲಾಭ ರೈಲಿನ ಕೈಗೇ ಬಂದು, ರೈಲನ್ನು ನಡೆಸಲು ನೆರವಾಯಿತು. ಆದರೆ ಮನೆ ಸಿಕ್ಕಿದ್ದು ಕಂತು ಕಟ್ಟಬಲ್ಲವನಿಗೆ. ಅದಕ್ಕಿಂತ ಕೆಳಗಿನವರ ವಿಚಾರ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ. ಇರಬೇಕೆಂದು ನಿರೀಕ್ಷಿಸುವುದೂ ಕಷ್ಟ.

ನಗರಸಭೆ ಎಳೆದ ಗೆರೆ

ಎರಡನೆಯ ಉತ್ತರ ಬಂದದ್ದು ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನಿಂದ. ಅಲ್ಲಿನ ನಗರಸಭೆ 1904ರಿಂದಲೇ ಊರ ಹೊರಗಿನ ಜಮೀನನ್ನು ಕೊಳ್ಳುತ್ತ ಬಂದಿತ್ತು. ಆಗ ಅದು ಬರಿಯ ಕಾಡು, ಹೊಲ. ಅರ್ಧ ಶತಮಾನದ ನಂತರ ಸುರಂಗ ರೈಲನ್ನು ಹೊರವಲಯಕ್ಕೆ ಒಯ್ಯುವ ಕಾಲ ಬಂದಾಗ ಅಲ್ಲಿನ ನೆಲ ನಗರಸಭೆಯ ಕೈಯಲ್ಲೇ ಇತ್ತು. ಸ್ವೆನ್ ಮಾರ್ಕೇಲಿಯಸ್ ಎಂಬ ವಾಸ್ತುಶಿಲ್ಪಿಯ ಮುಂದಾಳತನದಲ್ಲಿ ಯೋಜಿಸಿದ ವೆಲ್ಲಿಂಗ್‌ಬಿ ಎಂಬ ಹೊಸ ಬಡಾವಣೆಯ ಕೇಂದ್ರ 1954ರಲ್ಲಿ ಉದ್ಘಾಟನೆಯಾಯಿತು. ನಡುವೆ ನಿಲ್ದಾಣ, ಅದರ ಸುತ್ತ ಅಂಗಡಿ, ಗ್ರಂಥಾಲಯ, ಚಿತ್ರಮಂದಿರ; ಆಮೇಲೆ ಎತ್ತರದ ವಸತಿ ಕಟ್ಟಡಗಳು; ದೂರ ಹೋದಂತೆ ತಗ್ಗಿನ ಮನೆಗಳು. ಕೆಲಸ, ಮನೆ, ಪೇಟೆ ಮೂರೂ ಒಂದೇ ಕಡೆ ಸಿಗಬೇಕೆಂಬುದು ಆಶಯ. ಸ್ವೀಡಿಷ್ ಭಾಷೆಯಲ್ಲಿ ಈ ಮೂರರ ಮೊದಲಕ್ಷರ ಕೂಡಿಸಿ ಅದನ್ನು 'ಎಬಿಸಿ ಪಟ್ಟಣ' ಎಂದು ಕರೆದರು.

ಕೆಲಸದ ವಿಷಯದಲ್ಲಿ ಲೆಕ್ಕ ತಪ್ಪಿತು. ಅಲ್ಲಿನ ಬಹುಮಂದಿ ಬೆಳಗಾದರೆ ರೈಲು ಹತ್ತಿ ಬೇರೆ ಕಡೆಗೇ ದುಡಿಯಲು ಹೋದರು. ಆದರೂ ಜಗತ್ತಿನ ನಗರ ಯೋಜಕರು ವೆಲ್ಲಿಂಗ್‌ಬಿಯನ್ನು ಯಾತ್ರಾಸ್ಥಳದಂತೆ ನೋಡಿಬಂದರು. ಬೆಲೆ ಏರುವ ಮೊದಲೇ ಸಾರ್ವಜನಿಕ ಸಂಸ್ಥೆಯೊಂದು ನೆಲದ ಒಡೆತನ ಪಡೆದರೆ, ಮನೆ ಯಾರಿಗೆ, ಬಾಡಿಗೆ ಎಷ್ಟು ಎಂಬುದನ್ನು ಮಾರುಕಟ್ಟೆಗೆ ಬಿಡದೆ ತೀರ್ಮಾನಿಸಬಹುದು ಎಂಬುದೇ ಅದರ ದೊಡ್ಡ ಪಾಠ.

ಆದರೆ ಒಸಾಕ, ಲಂಡನ್, ಸ್ಟಾಕ್‌ಹೋಮ್ ಮೂರೂ ಕಡೆ ನಿಲ್ದಾಣ ಮೊದಲು ಬಂತು, ಜನ ಆಮೇಲೆ ಬಂದರು. ಬಯಲಿನಲ್ಲಿ ನಕಾಶೆ ಬರೆಯುವುದು ಅಷ್ಟು ಕಷ್ಟವಲ್ಲ. ಜನ ಆಗಲೇ ಮನೆ ಮಾಡಿಕೊಂಡು, ಅಂಗಡಿ ಹಾಕಿಕೊಂಡು, ಗುಡಿ-ಚರ್ಚುಗಳನ್ನು ಕಟ್ಟಿಕೊಂಡು ಬದುಕುತ್ತಿರುವ ಕಡೆ ನಿಲ್ದಾಣ ಬಂದರೆ ಏನು ಗತಿ? ಈ ಕಠಿಣ ಪ್ರಶ್ನೆಗೆ ಎರಡು ಬಗೆಯ ಉತ್ತರಗಳನ್ನು ಅಮೆರಿಕದಲ್ಲಿ ಕಾಣಬಹುದು.

ಮನೆ ಒಡೆಯರು ಎಳೆದ ಗೆರೆ

ವಾಷಿಂಗ್ಟನ್ ನಗರದಿಂದ ಪೊಟೊಮ್ಯಾಕ್ ನದಿ ದಾಟಿದರೆ ಆರ್ಲಿಂಗ್ಟನ್ ಜಿಲ್ಲೆ. 1960ರ ದಶಕದಲ್ಲಿ ವಾಷಿಂಗ್ಟನ್ನಿಗೆ ಮೆಟ್ರೊ ರೈಲು ಹಾಕುವ ಯೋಜನೆ ಸಿದ್ಧವಾದಾಗ ಆರ್ಲಿಂಗ್ಟನ್ನಿನ ಹಳಿಯನ್ನು ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಒಯ್ಯಬೇಕೆಂಬ ವಿಚಾರವಿತ್ತು. ಅದು ಅಗ್ಗದ ದಾರಿ. ಆದರೆ ಜಿಲ್ಲಾಡಳಿತ ಒಪ್ಪಲಿಲ್ಲ. ಹೊಸ ಮಾಲ್‌ಗಳ ಪೈಪೋಟಿಗೆ ಸಿಕ್ಕಿ ಸೊರಗುತ್ತಿದ್ದ ತನ್ನ ಹಳೆಯ ಪೇಟೆ ಬೀದಿಯ ಕೆಳಗೇ ಸುರಂಗ ಕೊರೆಯಬೇಕೆಂದು ಹಟ ಹಿಡಿಯಿತು. ಖರ್ಚು ಹೆಚ್ಚಾದರೂ ಸರಿ ಎಂದಿತು. ಹೆದ್ದಾರಿಯ ನಡುವೆ ನಿಲ್ದಾಣ ಕಟ್ಟಿದರೆ ಅದರ ಸುತ್ತ ಊರು ಬೆಳೆಯುವುದು ಹೇಗೆ ಎಂಬ ಸರಳ ವಿವೇಕ ಅದರ ಹಿಂದಿತ್ತು.

1970ರ ದಶಕದ ಉದ್ದಕ್ಕೂ ನಾಗರಿಕರ ಜೊತೆ ಮಾತುಕತೆಗಳು ನಡೆದವು. ಕೊನೆಗೆ ಒಂದು ಒಪ್ಪಂದ ಮೂಡಿತು. ನಿಲ್ದಾಣದ ಹತ್ತಿರ ಎತ್ತರವಾಗಿ ಕಟ್ಟಿ. ಆದರೆ ಕಾಲು ಮೈಲಿ ದಾಟುತ್ತಿದ್ದಂತೆ ಎತ್ತರ ಇಳಿಯುತ್ತ ಬರಬೇಕು, ಹಿಂದಿನ ಬೀದಿಗಳ ಒಂಟಿ ಮನೆಗಳನ್ನು ಮುಟ್ಟಬಾರದು. ಬಿಲ್ಲುಗಾರರ ಗುರಿಹಲಗೆಯಲ್ಲಿ ನಡುವಿನ ಚುಕ್ಕೆಯ ಸುತ್ತ ಬಳೆಗಳಿರುವಂತೆ ನಕಾಶೆಯಲ್ಲಿ ನಿಲ್ದಾಣದ ಸುತ್ತ ಬಳೆಗಳನ್ನು ಬರೆದರು. ಸಾಲಾಗಿ ಬರುವ ಐದು ನಿಲ್ದಾಣಗಳಿಗೂ ಒಂದೊಂದು ಸ್ವಭಾವ ಗೊತ್ತುಮಾಡಿದರು. ರಾಸ್ಲಿನ್ ಕಚೇರಿಗಳಿಗೆ, ಕೋರ್ಟ್‌ಹೌಸ್ ಸರಕಾರಿ ವ್ಯವಹಾರಕ್ಕೆ, ಕ್ಲಾರೆಂಡನ್ ಅಂಗಡಿಗಳಿಗೆ, ವರ್ಜೀನಿಯ ಸ್ಕ್ವೇರ್ ವಸತಿ ಮತ್ತು ವಿದ್ಯೆಗೆ, ಬಾಲ್‌ಸ್ಟನ್ ಹೊಸ ಪೇಟೆಗೆ. ರಾಸ್ಲಿನ್ ನಿಲ್ದಾಣ 1977ರಲ್ಲಿ, ಉಳಿದ ನಾಲ್ಕು 1979ರ ಡಿಸೆಂಬರಿನಲ್ಲಿ ತೆರೆದವು. ಮುಂದಿನ ದಶಕಗಳಲ್ಲಿ ಕಟ್ಟಡಗಳು ಎಷ್ಟೋ ಪಟ್ಟು ಹೆಚ್ಚಿದರೂ ರಸ್ತೆಯ ಮೇಲಿನ ಕಾರುಗಳ ದಟ್ಟಣೆ ಆ ಪ್ರಮಾಣದಲ್ಲಿ ಹೆಚ್ಚಲಿಲ್ಲ. 2002ರಲ್ಲಿ ಅಮೆರಿಕ ಸರಕಾರದ ಪರಿಸರ ಸಂರಕ್ಷಣಾ ಸಂಸ್ಥೆ ಈ ಪ್ರಯೋಗಕ್ಕೆ ರಾಷ್ಟ್ರ ಪ್ರಶಸ್ತಿ ಕೊಟ್ಟಿತು. ಪಠ್ಯಪುಸ್ತಕಗಳಲ್ಲಿ ಇಂದಿಗೂ ಆರ್ಲಿಂಗ್ಟನ್ನಿನ ಹೆಸರಿದೆ.

ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣಿಸದ ಇನ್ನೊಂದು ಕಥೆ ಕ್ಲಾರೆಂಡನ್ನಿನದು. 1975ರಲ್ಲಿ ಸೈಗಾನ್ ಪತನವಾದ ಮೇಲೆ ವಿಯೆಟ್ನಾಮಿನ ನಿರಾಶ್ರಿತರು ವಾಷಿಂಗ್ಟನ್ನಿನ ಸುತ್ತ ಬಂದು ನೆಲೆಸಿದರು. ಆಗ ಕ್ಲಾರೆಂಡನ್ನಿನ ಬೀದಿಯಲ್ಲಿ ಮೆಟ್ರೊಗಾಗಿ ನೆಲ ಅಗೆಯುವ ಕೆಲಸ ನಡೆದಿತ್ತು. ಧೂಳು, ಗದ್ದಲ, ಗ್ರಾಹಕರಿಲ್ಲ. ಹಳೆಯ ಅಂಗಡಿಗಳು ಬಾಗಿಲು ಹಾಕಿದ್ದವು. ಬಾಡಿಗೆ ಬಿದ್ದುಹೋಗಿತ್ತು. ಬೇರೆ ಯಾರಿಗೂ ಬೇಡವಾಗಿದ್ದ ಆ ಮಳಿಗೆಗಳಲ್ಲಿ ವಿಯೆಟ್ನಾಮಿನವರು ದಿನಸಿ ಅಂಗಡಿ, ಬಟ್ಟೆ ಅಂಗಡಿ, ಊಟದ ಮನೆಗಳನ್ನು ತೆರೆದರು. ಜನ ಆ ಬೀದಿಗೆ 'ಪುಟ್ಟ ಸೈಗಾನ್' ಎಂದು ಹೆಸರಿಟ್ಟರು. ನೆಂಟರನ್ನು ಹುಡುಕಿಕೊಳ್ಳಲು, ಊರಿನ ಸುದ್ದಿ ಕೇಳಲು, ಬಿಟ್ಟುಬಂದ ನಾಡಿನ ರುಚಿ ನೋಡಲು ದೂರದೂರದಿಂದ ಅವರು ಅಲ್ಲಿಗೆ ಬರುತ್ತಿದ್ದರು.

ಮೆಟ್ರೊ ಬಂತು. ಬಾಡಿಗೆ ಏರಿತು. 1980ರ ದಶಕದಲ್ಲಿ ಒಂದೊಂದಾಗಿ ಆ ಅಂಗಡಿಗಳು ಕೆಲವು ಮೈಲಿ ಆಚೆಯ ಫಾಲ್ಸ್‌ಚರ್ಚ್ ಎಂಬ ಊರಿನ ಈಡನ್ ಸೆಂಟರ್ ಎಂಬ ವ್ಯಾಪಾರ ಸಂಕೀರ್ಣಕ್ಕೆ ಗಂಟುಮೂಟೆ ಕಟ್ಟಿದವು. ಇವರನ್ನು ಯಾರೂ ಕತ್ತು ಹಿಡಿದು ಹೊರಗೆ ದಬ್ಬಲಿಲ್ಲ. ಯೋಜನೆ ಮಾಡಿದವರಿಗೆ ಇವರ ಮೇಲೆ ದ್ವೇಷವೂ ಇರಲಿಲ್ಲ. ಗುರಿಹಲಗೆಯ ನಕಾಶೆ ರೂಪುಗೊಳ್ಳಲು ಆರಂಭವಾದಾಗ ಇವರಿನ್ನೂ ಆ ದೇಶಕ್ಕೇ ಬಂದಿರಲಿಲ್ಲ. ಮನೆ ಒಡೆಯರ ಬೀದಿಯನ್ನು ಕಾಪಾಡಲು ನಕಾಶೆಯಲ್ಲಿ ಗೆರೆಯಿತ್ತು. ಬಾಡಿಗೆದಾರನ ಅಂಗಡಿಯನ್ನು ಕಾಪಾಡಲು ಅಂಥ ಗೆರೆ ಇರಲಿಲ್ಲ. ಅಷ್ಟೇ ವ್ಯತ್ಯಾಸ. ಆದರೆ ಆ ವ್ಯತ್ಯಾಸದಲ್ಲಿ ಒಂದು ಪೇಟೆಯೇ ಕರಗಿಹೋಯಿತು.

ಹಣ್ಣಿನ ತೋಪಿನ ಊರು

ಇನ್ನೊಂದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯದು. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದಲ್ಲಿ ಓಕ್‌ಲ್ಯಾಂಡ್ ನಗರವಿದೆ. ಅದರ ಪೂರ್ವಭಾಗದ ಒಂದು ಬಡಾವಣೆ ಫ್ರೂಟ್‌ವೇಲ್. ಹೆಸರೇ ಹೇಳುವಂತೆ ಅದು ಹಣ್ಣಿನ ಕಣಿವೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿ ಚೆರಿ ಹಣ್ಣಿನ ತೋಪುಗಳಿದ್ದವು. 1906ರ ಮಹಾಭೂಕಂಪದಲ್ಲಿ ಮನೆ ಕಳೆದುಕೊಂಡ ಸ್ಯಾನ್‌ಫ್ರಾನ್ಸಿಸ್ಕೊದವರು ಕೊಲ್ಲಿ ದಾಟಿ ಬಂದು ನೆಲೆಸಿದರು. 1909ರಲ್ಲಿ ಫ್ರೂಟ್‌ವೇಲ್ ಓಕ್‌ಲ್ಯಾಂಡಿಗೆ ಸೇರಿತು. ತೋಪು ಹೋಗಿ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು ಬಂದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗುಕಟ್ಟೆ, ಕಾರ್ಖಾನೆಗಳ ಕೆಲಸ ಅರಸಿ ಹಲವು ಕಡೆಯ ಜನ ಬಂದರು. ಯುದ್ಧ ಮುಗಿದ ಮೇಲೆ ಉಳ್ಳವರು ಹೊರವಲಯದ ಹೊಸ ಬಡಾವಣೆಗಳಿಗೆ ಹೊರಟುಹೋದರು. ಉಳಿದವರು, ಹೊಸದಾಗಿ ಬಂದವರು ಹೆಚ್ಚಾಗಿ ಮೆಕ್ಸಿಕೊ ಮೂಲದ, ಸ್ಪ್ಯಾನಿಷ್ ಮಾತಾಡುವ ದುಡಿಮೆಗಾರರು.

ಈ ಊರಿಗೆ 1972ರ ಸೆಪ್ಟೆಂಬರ್ 11ರಂದು ರೈಲು ಬಂತು. ಕೊಲ್ಲಿ ಪ್ರದೇಶದ ಈ ಹೊಸ ವಿದ್ಯುತ್ ರೈಲು ವ್ಯವಸ್ಥೆಯನ್ನು ಎಲ್ಲರೂ 'ಬಾರ್ಟ್' ಎಂಬ ಚಿಕ್ಕ ಹೆಸರಿನಿಂದಲೇ ಕರೆಯುತ್ತಾರೆ. ಬಾರ್ಟ್ ಮುಖ್ಯವಾಗಿ ಹೊರವಲಯದಿಂದ ಕಾರಿನಲ್ಲಿ ಬಂದು, ಕಾರು ನಿಲ್ಲಿಸಿ, ರೈಲು ಹತ್ತಿ ಸ್ಯಾನ್‌ಫ್ರಾನ್ಸಿಸ್ಕೊದ ಕಚೇರಿಗೆ ಹೋಗುವವರನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದು. ದಾರಿಯಲ್ಲಿದ್ದ ಬಡವರ ಬಡಾವಣೆಗಳ ಪಾಲಿಗೆ ಅದು ತಲೆಯ ಮೇಲೆ ಹಾದುಹೋಗುವ ಗಾಡಿ. ಓಕ್‌ಲ್ಯಾಂಡಿನ ಪಶ್ಚಿಮ ಭಾಗದಲ್ಲಿ ಕಪ್ಪುಜನರ ವ್ಯಾಪಾರ, ಸಂಗೀತಗಳಿಗೆ ಹೆಸರಾಗಿದ್ದ ಏಳನೆಯ ಬೀದಿಯ ಮೇಲೆಯೇ ಎತ್ತರದ ಹಳಿ ಹಾಕಿದ್ದರಿಂದ ಆ ಬೀದಿಯ ಜೀವವೇ ಉಡುಗಿಹೋಯಿತು. ಫ್ರೂಟ್‌ವೇಲ್‌ನಲ್ಲಿ ಅಷ್ಟು ಹಾನಿಯಾಗಲಿಲ್ಲ. ಆದರೆ ನಿಲ್ದಾಣಕ್ಕೂ ಊರಿನ ಮುಖ್ಯ ಅಂಗಡಿ ಬೀದಿಗೂ ನಡುವೆ ಕಾರು ನಿಲ್ಲಿಸುವ ಬಯಲೊಂದು ಹರಡಿಕೊಂಡಿತು. ರೈಲಿಳಿದವರು ಕಾರು ಹತ್ತಿ ಹೋಗುತ್ತಿದ್ದರು. ಕೂಗಳತೆಯಲ್ಲಿದ್ದ ಅಂಗಡಿಗಳಿಗೆ ಅವರಿಂದ ಒಂದು ಕಾಸಿನ ವ್ಯಾಪಾರವೂ ಆಗುತ್ತಿರಲಿಲ್ಲ.

1991ರಲ್ಲಿ ಬಾರ್ಟ್ ಅಲ್ಲಿ ಕಾರುಗಳಿಗಾಗಿ ಬಹುಮಹಡಿ ಕಟ್ಟಡವೊಂದನ್ನು ಕಟ್ಟುವುದಾಗಿ ಪ್ರಕಟಿಸಿತು. ಬಯಲು ಹೋಗಿ ಗೋಡೆ ಬರುವ ಲಕ್ಷಣ ಕಂಡಿತು. ಕಾರುಗಳ ಹೊಗೆ ಊರಿಗೆ, ಅನುಕೂಲ ಹೊರಗಿನವರಿಗೆ ಎಂದು ಜನ ಸಿಡಿದೆದ್ದರು. ಅವರ ಬೆನ್ನಿಗೆ ನಿಂತದ್ದು ಯೂನಿಟಿ ಕೌನ್ಸಿಲ್ ಎಂಬ ಸಂಸ್ಥೆ. ಸ್ಪ್ಯಾನಿಷ್ ಭಾಷಿಕರ ಹಿತಕ್ಕಾಗಿ 1964ರಲ್ಲಿ ಹುಟ್ಟಿದ್ದ ಈ ಸಂಸ್ಥೆಯನ್ನು ಆಗ ನಡೆಸುತ್ತಿದ್ದವರು ಅರಬೆಲ್ಲ ಮಾರ್ಟಿನೆಜ್. ಸಂಸ್ಥೆಯ ಮೊದಲ ಕಾರ್ಯನಿರ್ವಾಹಕಿಯಾಗಿದ್ದ ಅವರು ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಕಾಲದಲ್ಲಿ ವಾಷಿಂಗ್ಟನ್ನಿನಲ್ಲಿ ಉನ್ನತ ಹುದ್ದೆಯಲ್ಲಿದ್ದು, ಸಂಸ್ಥೆ ಹಣಕಾಸಿನ ಮುಗ್ಗಟ್ಟಿಗೆ ಸಿಕ್ಕಿದಾಗ 1989ರಲ್ಲಿ ಮರಳಿ ಬಂದಿದ್ದರು. ಆಡಳಿತದ ಬಾಗಿಲುಗಳು ಎಲ್ಲಿವೆ, ಯಾವುದನ್ನು ಹೇಗೆ ತಟ್ಟಬೇಕು ಎಂಬುದನ್ನು ಬಲ್ಲವರು.

ಇಲ್ಲಿಯವರೆಗೆ ಇದು ಎಲ್ಲ ಊರುಗಳಲ್ಲೂ ನಡೆಯುವ ಪ್ರತಿಭಟನೆಯ ಕಥೆ. ಫ್ರೂಟ್‌ವೇಲ್ ಬೇರೆಯಾದದ್ದು ಮುಂದಿನ ಹೆಜ್ಜೆಯಲ್ಲಿ. 'ಇದು ಬೇಡ' ಎಂದವರನ್ನು 'ಹಾಗಾದರೆ ಏನು ಬೇಕು' ಎಂದು ಕೇಳುವ ಕಾಲ ಬಂದೇ ಬರುತ್ತದೆ. ಬಹಳಷ್ಟು ಚಳವಳಿಗಳು ಸೊರಗುವುದು ಅಲ್ಲಿಯೇ. ಬಾರ್ಟ್ ತನ್ನ ಯೋಜನೆಯನ್ನು ಹಿಂದಕ್ಕೆ ತೆಗೆದುಕೊಂಡು, ಸಂಸ್ಥೆಯ ಜೊತೆ ಕೂತು ಮಾತಾಡಲು ಒಪ್ಪಿತು. ಯೋಜನೆ ಬರೆಯುವ ಕೆಲಸವನ್ನು ಸಂಸ್ಥೆ ತಾನೇ ಕೈಗೆತ್ತಿಕೊಂಡಿತು. ಇದಕ್ಕೆ ಓಕ್‌ಲ್ಯಾಂಡ್ ನಗರಸಭೆ 1992ರಲ್ಲಿ 1,85,000 ಡಾಲರ್ ಕೊಟ್ಟಿತು. ಮರುವರ್ಷ ಕೇಂದ್ರದ ಸಾರಿಗೆ ಇಲಾಖೆ 4,70,000 ಡಾಲರ್ ಮಂಜೂರು ಮಾಡಿತು. ಬರ್ಕಲಿ ವಿಶ್ವವಿದ್ಯಾಲಯದ ನೆರವಿನಿಂದ ವಾಸ್ತುಶಿಲ್ಪಿಗಳು ತಮ್ಮ ಕಲ್ಪನೆಗಳನ್ನು ಜನರ ಮುಂದಿಟ್ಟರು. ಆಮೇಲೆ ಬಡಾವಣೆಯ ನಿವಾಸಿಗಳ, ಅಂಗಡಿಕಾರರ ಸಭೆಗಳು ಒಂದರ ಮೇಲೊಂದು ನಡೆದವು.

ಆ ಸಭೆಗಳಿಂದ ಹೊರಬಂದ ನಕಾಶೆಯನ್ನು ನೋಡಿದರೆ ಅದನ್ನು ಬರೆದವರು ಯಾರೆಂಬುದು ಗೊತ್ತಾಗುತ್ತದೆ. ನಿಲ್ದಾಣದಿಂದ ಅಂಗಡಿ ಬೀದಿಯವರೆಗೆ ಕಾಲುನಡಿಗೆಯವರಿಗೆಂದೇ ಅಗಲವಾದ ಅಂಗಳ. ಅದರ ಎರಡು ಮಗ್ಗುಲಲ್ಲಿ ಕೆಳಗೆ ಅಂಗಡಿಗಳು, ಮೇಲೆ ಕಚೇರಿಗಳು, ಮನೆಗಳು. ಬಡವರಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆ, ನಗರಸಭೆಯ ಗ್ರಂಥಾಲಯ, ಪುಟ್ಟ ಮಕ್ಕಳ ಶಾಲೆ, ವೃದ್ಧರ ಕೇಂದ್ರ ಎಲ್ಲವೂ ರೈಲಿನಿಂದ ಇಳಿದು ನಾಲ್ಕು ಹೆಜ್ಜೆಯಲ್ಲಿ. ಮಗುವನ್ನು ಶಾಲೆಗೆ ಬಿಟ್ಟು ರೈಲು ಹತ್ತಬೇಕಾದ ತಾಯಿಗೆ, ಮಾತ್ರೆ ಬರೆಸಿಕೊಂಡು ಬಸ್ಸು ಹಿಡಿಯಬೇಕಾದ ಅಜ್ಜನಿಗೆ ಏನು ಬೇಕೆಂಬುದು ಆ ನಕಾಶೆಯಲ್ಲಿ ಕಾಣುತ್ತದೆ.

ಗೆರೆ ಎಳೆದಷ್ಟು ಬೇಗ ಗೋಡೆ ಏಳಲಿಲ್ಲ. ಬಾರ್ಟಿನ ನಿಯಮದಂತೆ, ಬಯಲಿನಲ್ಲಿ ಕಾರು ನಿಲ್ಲಿಸುವ ಎಷ್ಟು ಜಾಗ ಕಳೆದುಹೋಗುವುದೋ ಅಷ್ಟನ್ನು ಬೇರೆ ಕಡೆ ಒದಗಿಸಬೇಕಿತ್ತು. ಹೀಗಾಗಿ ಯಾವ ಕಾರು ಕಟ್ಟಡದ ವಿರುದ್ಧ ಜನ ಎದ್ದಿದ್ದರೋ ಅಂಥದೇ ಒಂದು ಕಟ್ಟಡವನ್ನು ಕೊನೆಗೆ ಅವರೇ ಒಪ್ಪಬೇಕಾಯಿತು. ಆದರೆ ಅದು ನಿಲ್ದಾಣಕ್ಕೂ ಪೇಟೆಗೂ ಅಡ್ಡವಾಗದಂತೆ ಪಕ್ಕಕ್ಕೆ ಸರಿದು ನಿಂತಿತು. ಜಮೀನಿನ ಅದಲುಬದಲು, ಹತ್ತಾರು ಮೂಲಗಳಿಂದ ಹಣ ಹೊಂದಿಸುವ ಪಾಡು ವರ್ಷಗಟ್ಟಲೆ ನಡೆಯಿತು. 1999ರಲ್ಲಿ ಭೂಮಿಪೂಜೆ, 2004ರಲ್ಲಿ ಬಾಗಿಲು ತೆರೆಯಿತು. ಪ್ರತಿಭಟನೆಯಿಂದ ಪ್ರವೇಶದವರೆಗೆ 13 ವರ್ಷ. ಒಟ್ಟು ಖರ್ಚು ಸುಮಾರು ಹತ್ತು ಕೋಟಿ ಡಾಲರ್. 'ಫ್ರೂಟ್‌ವೇಲ್ ಟ್ರಾನ್ಸಿಟ್ ವಿಲೇಜ್', ಅಂದರೆ ನಿಲ್ದಾಣದ ಹಳ್ಳಿ ಎಂದು ಅದಕ್ಕೆ ಹೆಸರಾಯಿತು.

ಗೆದ್ದದ್ದೆಷ್ಟು, ಸೋತದ್ದೆಷ್ಟು?

ಹೊಗಳುವ ಮೊದಲು ಕೊರತೆಗಳನ್ನೂ ಹೇಳಬೇಕು. ಮೊದಲ ಹಂತದಲ್ಲಿ ಕಟ್ಟಿದ್ದು 47 ಮನೆಗಳು ಮಾತ್ರ; ಅವುಗಳಲ್ಲಿ ಕಡಿಮೆ ವರಮಾನದವರಿಗೆಂದು ಮೀಸಲಾದದ್ದು ಬರಿಯ 10. ಒಳಗಿನ ಅಂಗಳಕ್ಕೆ ಮುಖ ಮಾಡಿದ್ದ ಕೆಲವು ಅಂಗಡಿಗಳು ಆರಂಭದ ವರ್ಷಗಳಲ್ಲಿ ಗಿರಾಕಿಗಳಿಲ್ಲದೆ ಒದ್ದಾಡಿದವು. ಒಳ್ಳೆಯ ಅಂಗಳ ಕಟ್ಟಿದ ಮಾತ್ರಕ್ಕೆ ಸುತ್ತಲಿನ ಬದುಕಿನ ಕಷ್ಟಗಳು ಕರಗುವುದೂ ಇಲ್ಲ. 2009ರ ಹೊಸವರ್ಷದ ದಿನ ಇದೇ ನಿಲ್ದಾಣದ ಪ್ಲಾಟ್‌ಫಾರಮ್ಮಿನಲ್ಲಿ ಆಸ್ಕರ್ ಗ್ರಾಂಟ್ ಎಂಬ ನಿರಾಯುಧ ಕಪ್ಪು ಯುವಕ ಬಾರ್ಟ್ ಪೊಲೀಸನೊಬ್ಬನ ಗುಂಡಿಗೆ ಬಲಿಯಾದ. ಜಗತ್ತಿನ ಬಹುಪಾಲು ಜನಕ್ಕೆ ಫ್ರೂಟ್‌ವೇಲ್ ಎಂಬ ಹೆಸರು ಪರಿಚಯವಾದದ್ದು ಆ ಸಾವಿನಿಂದ, ಅದನ್ನು ಕುರಿತು 2013ರಲ್ಲಿ ಬಂದ ಚಲನಚಿತ್ರದಿಂದ.

ಇಷ್ಟಾದರೂ ಒಂದು ಮುಖ್ಯ ಸಂಗತಿ ಉಳಿಯುತ್ತದೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧಕರು 2000 ಮತ್ತು 2015ರ ನಡುವಣ ಬದಲಾವಣೆಗಳನ್ನು ಅಳೆದು 2018ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಅದರ ಪ್ರಕಾರ ನಿಲ್ದಾಣದ ಸುತ್ತಲಿನವರ ವರಮಾನ, ವಿದ್ಯಾಭ್ಯಾಸ ಎರಡೂ ಏರಿದ್ದವು. ಹಾಗಿದ್ದೂ ಬಡಾವಣೆ ತನ್ನ ಲ್ಯಾಟಿನೊ ಮುಖವನ್ನು ಕಳೆದುಕೊಂಡಿರಲಿಲ್ಲ. ಊರು ಸುಧಾರಿಸಿತು, ಊರಿನವರೂ ಉಳಿದರು. ಕ್ಲಾರೆಂಡನ್ನಿನ ಪುಟ್ಟ ಸೈಗಾನಿಗೆ ಸಿಗದೆ ಹೋದದ್ದು ಇದೇ. ಮನೆಗಳ ಕೊರತೆಯನ್ನೂ ಫ್ರೂಟ್‌ವೇಲ್‌ನವರು ಮರೆಯಲಿಲ್ಲ. ಉಳಿದಿದ್ದ ಕಾರು ಬಯಲಿನಲ್ಲಿ ಎರಡನೆಯ ಹಂತ ಆರಂಭವಾಗಿ, ಕಡಿಮೆ ಬಾಡಿಗೆಯ 94 ಮನೆಗಳ ಕಟ್ಟಡವೊಂದು ಎದ್ದಿತು. ಅದಕ್ಕೆ 'ಕಾಸಾ ಅರಬೆಲ್ಲ', ಅಂದರೆ ಅರಬೆಲ್ಲಳ ಮನೆ ಎಂದು ಹೆಸರಿಟ್ಟಿದ್ದಾರೆ.

ಎರಡೂ ಊರುಗಳಲ್ಲಿ ಸಭೆ ನಡೆದಿತ್ತು, ಎರಡೂ ಕಡೆ ಜನಾಭಿಪ್ರಾಯ ಕೇಳಿದ್ದರು ಎಂಬುದನ್ನು ಗಮನಿಸಬೇಕು. ಆರ್ಲಿಂಗ್ಟನ್ನಿನ ನಕಾಶೆ ಕಾಪಾಡಿದ್ದು ಒಂಟಿ ಮನೆಗಳ ಬೀದಿಗಳನ್ನು. ಫ್ರೂಟ್‌ವೇಲ್‌ನಲ್ಲಿ ಬಾಡಿಗೆದಾರರ ನಡುವೆ ಮೂವತ್ತು ವರ್ಷ ಕೆಲಸ ಮಾಡಿದ್ದ ಸಂಸ್ಥೆಯೊಂದು ಸಭೆಯ ಯಜಮಾನಿಕೆ ವಹಿಸಿತ್ತು. ಅದರ ಕೈಯಲ್ಲಿ ಯೋಜನೆಗೆಂದು ಕೊಟ್ಟ ಹಣವಿತ್ತು, ಆಮೇಲೆ ನೆಲದ ಮೇಲಿನ ಹಕ್ಕೂ ಬಂತು. ಅಭಿಪ್ರಾಯ ಹೇಳುವುದು ಬೇರೆ, ಪೆನ್ಸಿಲು ಹಿಡಿಯುವುದು ಬೇರೆ.

ನಮ್ಮ ಮೆಟ್ಟಿಲ ಕೆಳಗೆ

ಈ ದೂರದ ಕಥೆಗಳು ನಮಗೇಕೆ ಎಂದು ಕೇಳುವವರು ಬೆಂಗಳೂರಿನ ಮೆಟ್ರೊ ನಕ್ಷೆಯನ್ನು ಒಮ್ಮೆ ನೋಡಬೇಕು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಏಳು ಕಿಲೋಮೀಟರಿಗೂ ಕಡಿಮೆ ದೂರ ಓಡಿದ 'ನಮ್ಮ ಮೆಟ್ರೊ', 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದ ಹಳದಿ ಮಾರ್ಗ ತೆರೆದಾಗ ಸುಮಾರು 96 ಕಿಲೋಮೀಟರಿಗೆ ಬೆಳೆದಿತ್ತು. ಒಂದೊಂದು ನಿಲ್ದಾಣಕ್ಕೂ ಅದರದೇ ನಾಲ್ಕು ಫರ್ಲಾಂಗು. ಅದರೊಳಗೆ ವಠಾರ, ಸಂತೆ, ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಕ್ಕಳ ಬಾಡಿಗೆ ಕೋಣೆ, ಹಳೆಯ ಊರಬಾಗಿಲು.

ಬೆಂಗಳೂರಿನವರು ಮೆಟ್ರೊ ಬಗ್ಗೆ ಸುಮ್ಮನಿದ್ದರು ಎನ್ನುವಂತಿಲ್ಲ. ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ವರ್ತಕರು ಹಳಿ ತಮ್ಮ ಬೀದಿಯಲ್ಲಿ ಬೇಡವೆಂದು ಹೋರಾಡಿದರು. ಜಯನಗರದ ನಂದಾ ರಸ್ತೆಯ ಮರಗಳಿಗಾಗಿ 2009ರಲ್ಲಿ ನಾಗರಿಕರು ಬೀದಿಗಿಳಿದರು. ಅವರ ಅಳಲು ನ್ಯಾಯವಾದದ್ದೇ. ಆದರೆ ಆ ವಾದಗಳೆಲ್ಲ ಹೆಚ್ಚಾಗಿ ಹಳಿ ಎಲ್ಲಿ ಹೋಗಬೇಕು ಎಂಬುದರ ಬಗ್ಗೆ. ಹಳಿ ಬಂದ ಮೇಲೆ ಅದರ ಪಕ್ಕ ಏನಿರಬೇಕು ಎಂಬ ಚರ್ಚೆ ಅಷ್ಟು ಕಾವೇರಲಿಲ್ಲ.

ಕಾಗದದ ಮೇಲೆ ನೀತಿಗಳಿಲ್ಲವೆಂದಲ್ಲ. 2017ರಲ್ಲಿ ಕೇಂದ್ರ ಸರಕಾರ ಮೆಟ್ರೊ ರೈಲು ನೀತಿಯ ಜೊತೆಗೆ, ನಿಲ್ದಾಣದಿಂದ 500-800 ಮೀಟರಿನೊಳಗಿನ ಬೆಳವಣಿಗೆಗೆಂದೇ ಇನ್ನೊಂದು ನೀತಿಯನ್ನು ಹೊರಡಿಸಿತು. ನಿಲ್ದಾಣದ ಬಳಿ ದಟ್ಟವಾಗಿ ಕಟ್ಟಿ, ನಡೆಯುವವರಿಗೆ ದಾರಿ ಮಾಡಿ, ಕಡಿಮೆ ವರಮಾನದವರ ಮನೆಗೂ ಜಾಗ ಇಡಿ ಎಂಬುದು ಅದರ ಸಾರ. ಇದಕ್ಕಿಂತ ಎಷ್ಟೋ ಮೊದಲೇ, 1992ರಲ್ಲಿ ಅಂಗೀಕಾರವಾಗಿ ಮರುವರ್ಷ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ನಗರ ಯೋಜನೆಯನ್ನು ನಗರಸಭೆಗಳಿಗೆ ಸಲ್ಲಬೇಕಾದ ಕೆಲಸಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಬರೆಯಿತು. ದೊಡ್ಡ ಊರುಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದಿತು. ಪೆನ್ಸಿಲನ್ನು ಯಾರ ಕೈಗೆ ಕೊಡಬೇಕೆಂಬುದು ನಮ್ಮ ಸಂವಿಧಾನದಲ್ಲೇ ಇದೆ ಎಂದಾಯಿತು.

ಆದರೆ ನಡೆದದ್ದೇನು? ಬೆಂಗಳೂರಿನ ಚುನಾಯಿತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಮತ್ತೆ ಚುನಾವಣೆ ನಡೆಯದೆಯೇ 2025ರಲ್ಲಿ ಅದು ಐದು ಪಾಲಿಕೆಗಳಾಗಿ ಒಡೆಯಿತು. ಈ ಐದು ವರ್ಷಗಳಲ್ಲೇ ಕೆಂಗೇರಿಗೆ, ವೈಟ್‌ಫೀಲ್ಡಿಗೆ, ಮಾದಾವರಕ್ಕೆ, ಬೊಮ್ಮಸಂದ್ರಕ್ಕೆ ಮೆಟ್ರೊ ಮುಟ್ಟಿತು. ಅಂದರೆ ಇಷ್ಟೊಂದು ನಿಲ್ದಾಣಗಳು ಬಾಗಿಲು ತೆರೆದಾಗ ಆಯಾ ವಾರ್ಡಿನ ಜನ ಹೋಗಿ ಕೇಳಲು ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ನಿಲ್ದಾಣದ ಸುತ್ತಲ ನೆಲ ಕೈಬದಲಾಗಿ, ಬಾಡಿಗೆ ಏರಿ, ಹಳಬರು ಹೊರಟುಹೋದ ಮೇಲೆ ವಾರ್ಡ್ ಸಭೆ ಕರೆದರೆ ಅದಕ್ಕೆ ಬರುವವರು ಹೊಸಬರಷ್ಟೇ.

ಸ್ಟಾಕ್‌ಹೋಮಿನಂತೆ ಅರ್ಧ ಶತಮಾನ ಮೊದಲೇ ನೆಲ ಕೊಳ್ಳುವ ಅವಕಾಶ ನಮಗೆ ತಪ್ಪಿಹೋಗಿದೆ. ಆದರೆ ಇನ್ನೂ ಹಳಿ ಮುಟ್ಟದ ಬಡಾವಣೆಗಳು ಬೇಕಾದಷ್ಟಿವೆ. ಕಂಬಗಳೆದ್ದು ರೈಲು ಬಾರದ ಬೀದಿಗಳೂ ಇವೆ. ಅಲ್ಲಿ ಯಾರು ಬಾಡಿಗೆಗಿದ್ದಾರೆ, ಯಾರು ಫುಟ್‌ಪಾತಿನಲ್ಲಿ ವ್ಯಾಪಾರ ಮಾಡುತ್ತಾರೆ, ಅಂಗನವಾಡಿ ಎಲ್ಲಿದೆ, ಸಂತೆ ಯಾವ ವಾರ ಕೂಡುತ್ತದೆ ಎಂಬುದನ್ನು ಇಂಜಿನಿಯರರ ನಕ್ಷೆ ತೋರಿಸುವುದಿಲ್ಲ. ಅದನ್ನು ಬಲ್ಲವರು ಆ ಬೀದಿಯವರೇ. ಫ್ರೂಟ್‌ವೇಲ್‌ನವರಿಗೆ 13 ವರ್ಷ ಹಿಡಿಯಿತು. ನಮ್ಮ ಮೆಟ್ರೊ ಮಾರ್ಗಗಳೂ ಘೋಷಣೆಯಾದ ದಿನದಿಂದ ಮೊದಲ ರೈಲು ಓಡುವವರೆಗೆ ವರ್ಷಗಟ್ಟಲೆ ತೆಗೆದುಕೊಳ್ಳುತ್ತವೆ. ತಡವಾಯಿತೆಂದು ಗೊಣಗುವ ಆ ಕಾಲವನ್ನೇ ನಿಲ್ದಾಣದ ಹೊರಗಿನ ನಾಲ್ಕು ಫರ್ಲಾಂಗಿನ ನಕಾಶೆ ಬರೆಯಲು ಬಳಸಿಕೊಳ್ಳಬಾರದೇಕೆ?